ಒಂದೇ ಖೋಲಿ, ಎರಡು ಗಡಿಯಾರ

ಸಂಜೆ ಆರೂ ಮುಕ್ಕಾಲು. ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಒನ್ ಬಿಎಚ್‌ಕೆ. ಒಳಗಿನ ಖೋಲಿಯಲ್ಲಿ ಐದು ತಿಂಗಳ ಕೂಸು ಈಗಷ್ಟೇ ಕಣ್ಣು ಮುಚ್ಚಿದೆ. ಹಾಲ್‌ನಲ್ಲಿ ಎರಡು ವರ್ಷ ಎಂಟು ತಿಂಗಳ ದೊಡ್ಡವ ಸ್ಟೀಲ್ ಡಬ್ಬಿಗಳನ್ನು ಸಾಲಾಗಿಟ್ಟು ಲೋಕಲ್ ಗಾಡಿ ಓಡಿಸುತ್ತಿದ್ದಾನೆ. ಠಾಣೆ ದಾಟಿತು, ಮುಲುಂಡ ದಾಟಿತು, ಕುರ್ಲಾ ಬರುವಷ್ಟರಲ್ಲಿ ಒಂದು ಡಬ್ಬಿ ಉರುಳಿತು. ಒಳಗಿಂದ ಅಳು. "ಬಾಳ ಉಠ್ಲ!", ಕೂಸು ಎದ್ದಿತು, ಎಂದು ಇವನು ಮರಾಠಿಯಲ್ಲಿ ಡಂಗುರ ಸಾರಿದ, ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಮೊದಲೆರಡು ತಿಂಗಳು ನಾನು ತಪ್ಪನ್ನೆಲ್ಲ ಮನೆಯ ಮೇಲೆ ಹಾಕಿದೆ. ಗೋಡೆ ತೆಳು, ಮೇಲಿನವರ ಮಿಕ್ಸರ್, ಕೆಳಗೆ ಭಾಜಿವಾಲಾನ ಕೂಗು. ಆಮೇಲೆ ನನ್ನ ಮೇಲೇ ಹಾಕಿಕೊಂಡೆ. ಅವ್ವ ಹುಬ್ಬಳ್ಳಿಯಿಂದ ದಾದರ್ ಗಾಡಿ ಹತ್ತಿ ಬಂದು, ಕಲ್ಯಾಣದಲ್ಲಿಳಿದು ಮನೆ ಸೇರಿ, ಎರಡು ದಿನ ಬಾಯಿ ಬಿಡದೆ ನೋಡಿದಳು. ಮೂರನೆಯ ದಿನ ಹೇಳಿದಳು: "ನೋಡವಾ, ಇವು ಎರಡೂ ಒಂದ ಮನ್ಯಾಗ ಅದಾವು ಖರೆ, ಒಂದ ದಿನದಾಗ ಇಲ್ಲ."

ನಿದ್ದೆಯ ಬಗ್ಗೆ ವಿಜ್ಞಾನಿಗಳು ಬರೆದದ್ದನ್ನು ಹಾಲುಣಿಸುತ್ತ, ಒಂದು ಕೈಯಲ್ಲಿ ಫೋನು ಹಿಡಿದು ಎಷ್ಟೋ ರಾತ್ರಿ ಓದಿದ್ದೇನೆ. ಅಷ್ಟನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು, ಅವ್ವನ ಆ ಒಂದು ಮಾತಿಗೆ ಇವರೆಲ್ಲ ವ್ಯಾಖ್ಯಾನ ಬರೆಯುತ್ತಿದ್ದಾರೆ ಎಂದು.

ನಿದ್ದೆ ಬರಲು ಎರಡು ಕೆಲಸ ನಡೆಯಬೇಕು. ಹೀಗೆ ಎರಡಾಗಿ ಬಿಡಿಸಿ ತೋರಿಸಿದವನು ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ. ಒಂದನೆಯದನ್ನು ನಿದ್ದೆಯ ಹಸಿವು ಅನ್ನೋಣ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ಪದಾರ್ಥ ಕೂಡುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ರೆಪ್ಪೆ ಭಾರ, ಮಲಗಿದರೆ ಕರಗುತ್ತದೆ. ನಾವು ಕುಡಿಯುವ ಚಹಾದ ಕೆಫೀನ್ ಆ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಹಸಿವು ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ಎರಡನೆಯದು ಊಟದ ಗಂಟೆ. ಹಸಿವಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಬಾರಿಸುವ ಗಂಟೆ. ಅದು ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಕೂತಿರುವ ಪುಟ್ಟ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹಗಲೋ ರಾತ್ರಿಯೋ ಎಂದು ತೀರ್ಮಾನಿಸುತ್ತದೆ, ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡಿಸುತ್ತದೆ.

ಹಸಿವೂ ಗಂಟೆಯೂ ಒಟ್ಟಿಗೆ ಬಂದರೆ ನಿದ್ದೆ ಸಲೀಸು. ದೊಡ್ಡವರಿಗೆ ಹೆಚ್ಚಾಗಿ ಹಾಗೇ ಬರುತ್ತವೆ. ನಮ್ಮ ಮನೆಯ ಪಂಚಾಯತಿ ಏನೆಂದರೆ, ಕೂಸಿನ ಹಸಿವು ಎರಡು ತಾಸಿಗೊಮ್ಮೆ ಬರುತ್ತದೆ, ದೊಡ್ಡವನದು ಐದಾರು ತಾಸಿಗೆ. ದೊಡ್ಡವನ ಗಂಟೆ ತಡವಾಗಿ ಬಾರಿಸುತ್ತದೆ, ಕೂಸಿಗೆ ಗಂಟೆ ಬಂದದ್ದೇ ಮೊನ್ನೆ ಮೊನ್ನೆ.

ಬಂದದ್ದೇ ಮೊನ್ನೆ ಅಂದದ್ದು ಮಾತಿಗಲ್ಲ. ಹೊಟ್ಟೆಯಲ್ಲಿರುವಾಗ ಮಗು ತಾಯಿಯ ಗಡಿಯಾರದ ಮೇಲೆ ಬದುಕುತ್ತದೆ. ತಾಯಿಯ ಮೆಲಟೋನಿನ್ ಮಾಸು ದಾಟಿ ಅದನ್ನು ಮುಟ್ಟುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಆ ಗಡಿಯಾರವೂ ಕಡಿದುಹೋಗುತ್ತದೆ. ತನ್ನದೇ ಮೆಲಟೋನಿನ್ ಹಗಲು-ರಾತ್ರಿ ನೋಡಿ ಏರಿಳಿಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯ ತನಕ ಕೂಸಿಗೆ ಇರುವುದು ಬರೀ ಹಸಿವು, ನಿದ್ದೆಯದು ಮತ್ತು ಹಾಲಿನದು. "ಹಗಲು ರಾತ್ರಿ ಅದಲುಬದಲಾಗ್ಯಾವು" ಎಂದು ನೋಡಲು ಬಂದ ಎಲ್ಲರೂ ಹೇಳುತ್ತಾರೆ. ಅದಲುಬದಲಾಗಲು ಮೊದಲು ಅವು ಇರಬೇಕಲ್ಲ!

ಇಲ್ಲಿ ತಾಯಿಯ ಹಾಲು ಒಂದು ಚಮತ್ಕಾರ ಮಾಡುತ್ತದೆ. ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗಡಿಯಾರ ಇಲ್ಲದ ಮಗುವಿಗೆ ತಾಯಿ ಹಾಲಿನಲ್ಲೇ ವೇಳೆ ಹೇಳಿ ಕಳಿಸುತ್ತಾಳೆ. ಮತ್ತೆ ಆಫೀಸಿಗೆ ಹೋಗಲಿರುವವರು ಹಾಲು ಹಿಂಡಿ ಫ್ರಿಜ್‌ನಲ್ಲಿಡುವಾಗ ತಾರೀಖಿನ ಜೊತೆ ಹೊತ್ತನ್ನೂ ಬರೆದಿಟ್ಟರೆ, ರಾತ್ರಿಯದನ್ನು ರಾತ್ರಿಗೇ ಕೊಡಬಹುದು. ನಾನು ಇದನ್ನು ಶುರುಮಾಡಿದ್ದೇನೆ. ನನ್ನ ಗಂಡ ಬಾಟಲಿಗಳ ಮೇಲೆ ಲೋಕಲ್‌ನ ಟೈಮ್‌ಟೇಬಲಿನಂತೆ ಚೀಟಿ ಅಂಟಿಸಿದ್ದಾನೆ, 2:15 ಸ್ಲೋ, 5:40 ಫಾಸ್ಟ್.

ಇನ್ನು ರಾತ್ರಿ ಮೇಲಿಂದ ಮೇಲೆ ಏಳುವ ಮಾತು. ನಿದ್ದೆ ಒಂದೇ ಉದ್ದ ದಾರವಲ್ಲ, ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರ ಒಂದು ಸುತ್ತು ಸುಮಾರು 90 ನಿಮಿಷ, ಕೂಸಿನದು 50 ರಿಂದ 60. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆ ಎಚ್ಚರಾಗುತ್ತೇವೆ. ನಾವು ಮಗ್ಗಲು ಬದಲಿಸಿ, ಚಾದರ ಎಳೆದುಕೊಂಡು ಮರೆತೂಬಿಡುತ್ತೇವೆ. ಕೂಸಿಗೆ ಮಗ್ಗಲು ಬದಲಿಸಲೂ ಬಾರದು. ಜೊತೆಗೆ ಅದರ ನಿದ್ದೆಯ ಅರ್ಧದಷ್ಟು ಭಾಗ ಹುಟ್ಟಿದ ಹೊಸದರಲ್ಲಿ ಚಟುವಟಿಕೆಯ ನಿದ್ದೆ. ಕಣ್ಣುಗುಡ್ಡೆ ರೆಪ್ಪೆಯೊಳಗೆ ಓಡಾಡುತ್ತವೆ, ಉಸಿರು ಏರುಪೇರು, ಮುಖ ಸೊಟ್ಟ ಮಾಡುತ್ತದೆ, ನಗುತ್ತದೆ, ಕುಂಯ್ ಅನ್ನುತ್ತದೆ, ಒಮ್ಮೊಮ್ಮೆ ಅಳುತ್ತದೆ ಕೂಡ. ಇಷ್ಟೆಲ್ಲ ಮಾಡುವಾಗ ಅದು ನಿದ್ದೆಯಲ್ಲೇ ಇರುತ್ತದೆ. ನಮ್ಮೂರಲ್ಲಿ ಹಾಗೆ ನಗುವ ಕೂಸಿಗೆ ಸೆಟಿವ್ವ, ಅಂದರೆ ಕೂಸುಗಳ ದೇವತೆ, ನಗಸಾಕತ್ತಾಳ ಅನ್ನುತ್ತಾರೆ.

ಈ ಓಡಾಡುವ ಕಣ್ಣುಗಳ ನಿದ್ದೆಯನ್ನು ವಿಜ್ಞಾನ ಗುರುತಿಸಿದ್ದು ತೀರ ಈಚೆಗೆ, 1953ರಲ್ಲಿ. ಶಿಕಾಗೋದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ ತನ್ನ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಅದನ್ನು ಪ್ರಕಟಿಸಿದ. ಅದಕ್ಕೂ ಮೊದಲು ಅವನು ತಾಸುಗಟ್ಟಲೆ ಕೂತು ಮಲಗಿದ ಕೂಸುಗಳ ರೆಪ್ಪೆ ನೋಡುತ್ತಿದ್ದ. ಆಮೇಲೆ ತನ್ನ ಎಂಟು ವರ್ಷದ ಮಗನ ತಲೆಗೇ ತಂತಿ ಅಂಟಿಸಿ ಮಲಗಿಸಿದ. ತಾಸುಗಟ್ಟಲೆ ಕೂಸಿನ ರೆಪ್ಪೆ ನೋಡುವ ಕೆಲಸ ಅವ್ವಂದಿರು ಎಷ್ಟು ಸಾವಿರ ವರ್ಷದಿಂದ ಮಾಡುತ್ತಿದ್ದಾರೋ. ಕಾಗದ ಪೆನ್ನು ಹಿಡಿಯಲು ಕೈ ಖಾಲಿ ಇರಲಿಲ್ಲ, ಅಷ್ಟೆ.

ಇದನ್ನು ತಿಳಿದ ಮೇಲೆ ನನ್ನ ರಾತ್ರಿ ಬದಲಾದದ್ದು ಒಂದು ಸಣ್ಣ ವಿಷಯದಲ್ಲಿ. ಮೊದಲು ಕುಂಯ್ ಅಂದ ಕೂಡಲೇ ಎತ್ತಿಕೊಳ್ಳುತ್ತಿದ್ದೆ, ದೊಡ್ಡವ ಏಳಬಾರದಲ್ಲ ಎಂಬ ಹೆದರಿಕೆಗೆ. ನಿದ್ದೆಯಲ್ಲಿದ್ದ ಕೂಸನ್ನು ಹೀಗೆ ನಾನೇ ಎಬ್ಬಿಸುತ್ತಿದ್ದೆ. ಈಗ ಅರ್ಧ ನಿಮಿಷ, ಒಂದು ನಿಮಿಷ ಕೈ ಕಟ್ಟಿ ಕೂರುತ್ತೇನೆ. ಅರ್ಧ ಸಲ ಅದೇ ಮುಂದಿನ ಸುತ್ತಿಗೆ ಜಾರುತ್ತದೆ. ಉಳಿದರ್ಧ ಸಲ ನಿಜಕ್ಕೂ ಹಾಲು ಬೇಕಿರುತ್ತದೆ, ಕೊಡುತ್ತೇನೆ. ಐದು ತಿಂಗಳ ಕೂಸು ರಾತ್ರಿ ಹಾಲಿಗೆ ಏಳುವುದು ರೋಗವಲ್ಲ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆದ್ದರಿಂದ "ರಾತ್ರಿ ಒಂದೆರಡು ಚಮಚ ರಾಗಿ ಸರಿ ಕುಡಿಸು, ಬೆಳತನಕ ಏಳೂದಿಲ್ಲ" ಎಂಬ ಸಲಹೆಯನ್ನು ಕಿವಿಯಲ್ಲೇ ಬಿಟ್ಟಿದ್ದೇನೆ. ಗ್ರೈಪ್ ವಾಟರಿನ ಸಲಹೆಯನ್ನೂ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಅದನ್ನು ಮಾಡಿದಾಗ ಅದರಲ್ಲಿ ಮದ್ಯಸಾರ ಇತ್ತು. ಅದು ಕುಡಿದ ಕೂಸುಗಳು ಯಾಕೆ ಅಷ್ಟು ಶಾಂತವಾಗಿ ಮಲಗುತ್ತಿದ್ದವು ಎಂದು ಬೇರೆ ಹೇಳಬೇಕೆ?

ಮೂರು ನಾಲ್ಕು ತಿಂಗಳಿಗೆ ಒಂದು ತಿರುವು ಬರುತ್ತದೆ. ಅಲ್ಲಿಯವರೆಗೆ ಚಟುವಟಿಕೆಯ ನಿದ್ದೆಯ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ ಕೂಸು, ಈಗ ನಮ್ಮ ಹಾಗೆ ಶಾಂತ ನಿದ್ದೆಯ ಬಾಗಿಲಿನಿಂದ ಹೋಗಲು ಕಲಿಯುತ್ತದೆ. ಚೆನ್ನಾಗಿ ಮಲಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಟ್ಟಿತು ಎಂದು ಎಲ್ಲರಿಗೂ ಅನ್ನಿಸುವುದು ಆಗಲೇ. ದೃಷ್ಟಿ ತೆಗೆಯುತ್ತಾರೆ. ನಾವೂ ತೆಗೆದೆವು, ಒಣಮೆಣಸಿನಕಾಯಿಯ ಘಾಟಿಗೆ ದೊಡ್ಡವ ಕೆಮ್ಮಿದ, ಕೂಸು ಎದ್ದಿತು.

ಈಗ ದೊಡ್ಡವನ ಕಡೆ ಬರೋಣ, ಯಾಕೆಂದರೆ ನಿಜವಾದ ತಂಟೆ ಅವನದು. ರಾತ್ರಿ ಎಂಟಕ್ಕೆ ಅವನನ್ನು ಮಲಗಿಸಿಬಿಟ್ಟರೆ ಎಂಬ ಆಸೆಗೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ದೀಪ ಆರಿಸಿದರೆ ನೀರು ಬೇಕು. ನೀರು ಕುಡಿದರೆ ಸೂಸು. ಸೂಸು ಆದ ಮೇಲೆ ಕತೆ, ಕತೆಯ ನರಿ ಎಲ್ಲಿ ಮಲಗುತ್ತದೆ, ಅದರ ಅಪ್ಪ ಎಷ್ಟು ಗಂಟೆಗೆ ಬರುತ್ತಾನೆ. ಎರಡು ತಾಸಿನ ನಂತರ, ಹತ್ತಕ್ಕೆ, ಮಾತಿನ ನಡುವೆಯೇ ಬಿದ್ದು ನಿದ್ದೆ. ಇದು ಹಠವೆಂದೇ ನಂಬಿದ್ದೆ.

ಹಠವಲ್ಲ. 1986ರಲ್ಲಿ ಪೆರೆಟ್ಜ್ ಲಾವೀ ಎಂಬ ಇಸ್ರೇಲಿ ವಿಜ್ಞಾನಿ ಒಂದು ವಿಚಿತ್ರವನ್ನು ತೋರಿಸಿದ. ದಿನವೆಲ್ಲ ಎಚ್ಚರವಿದ್ದವರಿಗೂ, ತಾವು ದಿನಾ ಮಲಗುವ ಹೊತ್ತಿಗೆ ಒಂದೆರಡು ತಾಸು ಮುಂಚೆ ನಿದ್ದೆ ಬರುವುದು ಬಹಳ ಕಷ್ಟ. ನಿದ್ದೆಯ ಹಸಿವು ಏರಿದಂತೆ ಗಡಿಯಾರ ಅದಕ್ಕೆ ಎದುರಾಗಿ ಎಚ್ಚರದ ಒತ್ತನ್ನು ಹೆಚ್ಚಿಸುತ್ತದೆ, ಇಲ್ಲದಿದ್ದರೆ ಸಂಜೆಯೇ ಎಲ್ಲರೂ ಒರಗಿಬಿಡುತ್ತಿದ್ದೆವು. ಆ ಹೊತ್ತಿಗೆ ಅವನು ಕೊಟ್ಟ ಹೆಸರು ನಿದ್ದೆಯ ನಿಷಿದ್ಧ ವಲಯ. ಮೆಲಟೋನಿನ್ ಶುರುವಾದ ಮೇಲೆ ಆ ವಲಯದ ಬಾಗಿಲು ತೆರೆಯುತ್ತದೆ. ಎರಡು ಮೂರು ವರ್ಷದ ಮಕ್ಕಳಲ್ಲಿ ಇದನ್ನೇ ಅಳೆದು ನೋಡಿದವರು ಕಂಡದ್ದು, ಮೆಲಟೋನಿನ್ ಬರುವ ಮೊದಲೇ ಹಾಸಿಗೆಗೆ ಹಾಕಿದ ಮಕ್ಕಳು ಹೆಚ್ಚು ಹೊತ್ತು ಹೊರಳಾಡುತ್ತವೆ, ಹೆಚ್ಚು ರಂಪ ಮಾಡುತ್ತವೆ. ನಾನು ಎಂಟಕ್ಕೆ ಬಡಿಯುತ್ತಿದ್ದದ್ದು ಮುಚ್ಚಿದ ಬಾಗಿಲನ್ನು.

ಹಾಗಾದರೆ ಅವನ ಬಾಗಿಲು ಅಷ್ಟು ತಡವಾಗಿ ತೆರೆಯುವುದೇಕೆ? ಕಾರಣ ಮೂರಿವೆ, ಒಂದು ನಮ್ಮ ಕೈಯಲ್ಲಿಲ್ಲ, ಒಂದು ಅರ್ಧ ನಮ್ಮ ಕೈಯಲ್ಲಿದೆ, ಒಂದು ಪೂರ್ತಿ.

ಕೈಯಲ್ಲಿಲ್ಲದ್ದು ಸೂರ್ಯ. ಇಡೀ ದೇಶ ಒಂದೇ ಗಡಿಯಾರ ನೋಡುತ್ತದೆ, ಅದು 82.5 ಡಿಗ್ರಿ ರೇಖಾಂಶದ್ದು. ಮುಂಬಯಿ ಇರುವುದು ಸುಮಾರು 73ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಹಿಂದೆ ನಡೆಯುತ್ತಾನೆ. 1906ರಲ್ಲಿ ದೇಶಕ್ಕೊಂದೇ ವೇಳೆ ಬಂದಾಗ ಈ ಊರು ಅದನ್ನು ಒಪ್ಪದೆ, 39 ನಿಮಿಷ ಹಿಂದಿನ ತನ್ನ ಬಾಂಬೆ ಟೈಮನ್ನು ದಶಕಗಟ್ಟಲೆ ಇಟ್ಟುಕೊಂಡಿತ್ತು. ಜೂನ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು 7:20ರ ಸುಮಾರಿಗೆ. ಕೋಲ್ಕತ್ತಾದಲ್ಲಿ ಅದಕ್ಕೆ ಹೆಚ್ಚುಕಡಿಮೆ ಒಂದು ತಾಸು ಮುಂಚೆಯೇ ಕತ್ತಲು. ಶಾಲೆಯ ಗಂಟೆ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞ ಭಾರತದ ಅಂಕಿಅಂಶ ಇಟ್ಟುಕೊಂಡು ಇದನ್ನೇ ಲೆಕ್ಕ ಹಾಕಿದ್ದಾರೆ: ಸೂರ್ಯಾಸ್ತ ಒಂದು ತಾಸು ತಡವಾದರೆ ಶಾಲೆಗೆ ಹೋಗುವ ಮಕ್ಕಳ ನಿದ್ದೆ ಸುಮಾರು ಅರ್ಧ ತಾಸು ಕಡಿಮೆ. ನಮ್ಮವ ಹೋಗುವುದು ಬರೀ ಪ್ಲೇ ಗ್ರೂಪಿಗೆ, ಬೆಳಿಗ್ಗೆ ಒಂಬತ್ತಕ್ಕೆ. ಆದರೂ ಬೇಸಿಗೆಯ ಸಂಜೆ ಏಳಕ್ಕೆ ಕಿಟಕಿಯ ಹೊರಗೆ ಬೆಳಕು, ಕೆಳಗೆ ಸೊಸೈಟಿಯ ಮಕ್ಕಳ ಕ್ರಿಕೆಟ್ಟು. ಈಗ ರಾತ್ರಿಯಾಯಿತು ಎಂದು ನಾನು ಹೇಳಿದರೆ ಅವನು ನಂಬುವುದಾದರೂ ಹೇಗೆ.

ಅರ್ಧ ಕೈಯಲ್ಲಿರುವುದು ಅಪ್ಪ. ಗಂಡ ಆಫೀಸಿನಿಂದ ಬಂದು ಬೆಲ್ ಒತ್ತುವುದು ಎಂಟೂಕಾಲಿಗೆ, ಗಾಡಿ ಲೇಟಾದರೆ ಒಂಬತ್ತು. ದಿನದ ಅತಿ ದೊಡ್ಡ ಖುಷಿ ನಿದ್ದೆಯ ಮುಂಬಾಗಿಲಲ್ಲೇ ಬಂದು ನಿಂತರೆ ಯಾವ ಮಗು ಮಲಗೀತು? ಈ ಖುಷಿಯನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ಪುಸ್ತಕಗಳು ಏಳು ಗಂಟೆಗೆ ಮಗು ಹಾಸಿಗೆಯಲ್ಲಿರಬೇಕು ಅನ್ನುತ್ತವೆ. ಆ ಪುಸ್ತಕಗಳ ಅಪ್ಪಂದಿರು ಮುಂಬಯಿಯ ದೊಡ್ಡ ನಿಲ್ದಾಣ ಸಿಎಸ್‌ಎಂಟಿಯಿಂದ ಫಾಸ್ಟ್ ಹಿಡಿದು ಡೊಂಬಿವಲಿಯಲ್ಲಿ ಇಳಿಯುವವರಲ್ಲ. ಹದಿನೇಳು ನಾಡುಗಳ ಸಣ್ಣ ಮಕ್ಕಳ ನಿದ್ದೆಯನ್ನು ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಬಂತು. ನ್ಯೂಜಿಲೆಂಡಿನ ಮಕ್ಕಳು ಸರಾಸರಿ ಏಳೂವರೆಗೆ ಮಲಗಿದರೆ ಹಾಂಗ್‌ಕಾಂಗಿನ ಮಕ್ಕಳು ಹತ್ತು ದಾಟಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎಷ್ಟು ತಾಸು ಎಂದು, ಎಷ್ಟು ಗಂಟೆಗೆ ಎಂದಲ್ಲ. ಒಂದು ಎರಡು ವರ್ಷದವರಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11 ರಿಂದ 14 ತಾಸು, ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ 12 ರಿಂದ 16. ನಮ್ಮವ ಒಂಬತ್ತೂವರೆಯಿಂದ ಏಳೂಕಾಲು, ಮಧ್ಯಾಹ್ನ ಒಂದೂವರೆ ತಾಸು. ಒಟ್ಟು ಹನ್ನೊಂದೂಕಾಲು. ಅಂಚಿನಲ್ಲಿ ಪಾಸು. ಅಂಚಿನಲ್ಲಿದ್ದಾನೆ ಅನ್ನುವುದೂ ನೆನಪಿರಬೇಕು, ಅದಕ್ಕೇ ಮೂರನೆಯ ಕಾರಣಕ್ಕೆ ಕೈ ಹಾಕಿದೆವು.

ಅದು ಮನೆಯೊಳಗಿನ ಬೆಳಕು. 2018ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮೊದಲು ಒಂದು ತಾಸು ಪ್ರಖರ ಬೆಳಕಿನ ಮೇಜಿನ ಮೇಲೆ ಚಿತ್ರ ಬಿಡಿಸಲು ಕೂರಿಸಿದರು. ಅವರ ಮೆಲಟೋನಿನ್ ಸುಮಾರು 90 ಪ್ರತಿಶತ ಇಳಿಯಿತು, ಬೆಳಕು ತೆಗೆದು ಮುಕ್ಕಾಲು ತಾಸಿನ ಮೇಲಾದರೂ ಹೆಚ್ಚಿನವರಲ್ಲಿ ಅದು ಚೇತರಿಸಿಕೊಳ್ಳಲಿಲ್ಲ. ಸಣ್ಣ ಮಕ್ಕಳ ಕಣ್ಣಿನ ಪಾಪೆ ಅಗಲ, ಮಸೂರ ತಿಳಿ. ನಮಗೆ ಸಾಮಾನ್ಯವೆನ್ನಿಸುವ ಬೆಳಕು ಅವರೊಳಗೆ ಹೆಚ್ಚು ಇಳಿಯುತ್ತದೆ. ನಮ್ಮ ಹಾಲ್‌ನಲ್ಲಿ ಎರಡು ಬಿಳಿ ಟ್ಯೂಬ್‌ಲೈಟು, ಎದುರಿಗೆ ಟಿವಿ. ಈಗ ಏಳೂವರೆಯಾದ ಕೂಡಲೇ ಟ್ಯೂಬ್‌ಲೈಟು ಬಂದ್, ದೇವರ ಮಾಡದ ಹತ್ತಿರ ಒಂದು ಹಳದಿ ಬಲ್ಬು. ಮೊದಲ ನಾಲ್ಕು ದಿನ "ಕರೆಂಟು ಹೋಗ್ಯದೇನು" ಎಂದು ಎದುರುಮನೆಯವರು ಕೇಳಿದರು. ಅಪ್ಪ ಬಂದಾಗ ಮೊದಲಿನ ಹಾಗೆ ಎತ್ತಿ ತೂರುವುದಿಲ್ಲ, ಇಬ್ಬರೂ ನೆಲದ ಮೇಲೆ ಕೂತು ಬಟಾಟೆ ಪಲ್ಯ ಚಪಾತಿ ಉಣ್ಣುತ್ತಾರೆ. ಹತ್ತಕ್ಕೆ ಮಲಗುತ್ತಿದ್ದವ ಒಂಬತ್ತೂವರೆಗೆ ಬಂದದ್ದು ಹೀಗೆ, ಮೂರು ವಾರದಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಬಾಲ್ಕನಿಯ ಬಿಸಿಲಿಗೆ ಇಬ್ಬರನ್ನೂ ಒಯ್ಯುವುದೂ ಇದೇ ಕೆಲಸದ ಇನ್ನರ್ಧ: ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆಳೆಯುತ್ತದೆ, ರಾತ್ರಿಯದು ಹಿಂದಕ್ಕೆ.

ಆದರೆ ಇದೇ ತರ್ಕವನ್ನು ಕೂಸಿಗೆ ಹಚ್ಚಿದರೆ ಕೆಟ್ಟಿತು. "ನಿದ್ದೆ ಬಂದಿಲ್ಲ, ಆಡಲಿ" ಎಂದು ಎಚ್ಚರವಿಟ್ಟುಕೊಂಡಷ್ಟೂ ಅದು ಕೈಕಾಲು ಬಡಿದು ಚೀರುತ್ತಿತ್ತು. ಅವ್ವ ಕಸಿದುಕೊಂಡಳು. "ನಿದ್ದಿ ಬಂದಿಲ್ಲಂತಲ್ಲವಾ, ಅದಕ್ಕ ನಿದ್ದಿ ಮೀರೈತಿ." ಹಸಿವು ಮೀರಿದ ಮೇಲೆ ಅನ್ನವೂ ರುಚಿಸದ ಹಾಗೆ. ದಣಿದ ಮಿದುಳಿನಲ್ಲಿ ಮೊದಲು ಕೈಕೊಡುವುದು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಶಕ್ತಿ, ಕೂಸಿನಲ್ಲಿ ಅದು ಮೊದಲೇ ಇಲ್ಲ. ಹೀಗಾಗಿ ಕಣ್ಣು ತಿಕ್ಕುವುದು ಕಂಡರೆ ತಡ. ಅದಕ್ಕೂ ಮುಂಚೆ, ಮುಖ ಆ ಕಡೆ ತಿರುಗಿಸಿ ಗೋಡೆ ದಿಟ್ಟಿಸತೊಡಗಿದಾಗಲೇ ಮಡಿಲಿಗೆ ಹಾಕಿಕೊಳ್ಳಬೇಕು. ದೊಡ್ಡವನಲ್ಲಿ ಬೇರೆ ಗುರುತು: ನಿದ್ದೆ ಮೀರಿದಾಗ ಅವನಿಗೆ ಹುಚ್ಚು ಖುಷಿ, ಸೋಫಾದ ಮೇಲಿಂದ ಜಿಗಿತ, ಆಮೇಲೆ ಬಿಸ್ಕೀಟು ಎರಡು ತುಂಡಾಯಿತೆಂದು ಭೋರೆಂದು ಅಳು.

ಅವ್ವನ ದೊಡ್ಡ ಅಸ್ತ್ರ ಎರೆಯುವುದು. ಬೆಳಿಗ್ಗೆ ಹತ್ತಕ್ಕೆ ಕೊಬ್ಬರಿ ಎಣ್ಣೆ ತೀಡಿ, ಕಾಲು ಚಾಚಿ ಅದರ ಮೇಲೆ ಕೂಸನ್ನು ಹಾಕಿಕೊಂಡು ಬಿಸಿನೀರು ಎರೆದು, ಹಾಲು ಕುಡಿಸಿ ಮಲಗಿಸಿದರೆ ಎರಡೂವರೆ ತಾಸು ಗ್ಯಾರಂಟಿ. ಇದರಲ್ಲಿ ಮಾಯೆಯಿಲ್ಲ. ನಿದ್ದೆ ಬರುವ ಮುಂಚೆ ದೇಹದ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ಬಿಸಿನೀರಿಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಒಳಗಿನ ಕಾವು ಹೊರಗೆ ಬಂದು ಆರುತ್ತದೆ. ದೊಡ್ಡವರ ಮೇಲೆ ನಡೆದ ಅಧ್ಯಯನಗಳಲ್ಲೂ, ಮಲಗುವ ಒಂದೆರಡು ತಾಸು ಮುಂಚಿನ ಬಿಸಿನೀರಿನ ಸ್ನಾನ ಬೇಗ ನಿದ್ದೆ ತರಿಸುತ್ತದೆಂದು ಕಂಡಿದೆ. ಮುಂಬಯಿಯ ಮೇ ತಿಂಗಳ ಬೆವರಿನಲ್ಲಿ ಕಾವು ಆರಲು ಜಾಗವೇ ಇಲ್ಲ, ಆಗ ಫ್ಯಾನು ಬೇಕೇ ಬೇಕು. ಕೂಸಿಗೆ ಫ್ಯಾನಿನ ಗಾಳಿ ತಾಗಬಾರದೆಂಬ ಮಾತಿಗೆ ಅವ್ವನೇ ಇಲ್ಲಿಗೆ ಬಂದ ವಾರದಲ್ಲಿ ಸೋತಳು.

ಮೂರು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳವಾಯಿತು, ಮೂರರಲ್ಲೂ ನಾನು ಬಗ್ಗಲಿಲ್ಲ. ಒಂದು, ಎರೆದ ಮೇಲೆ ಲೋಬಾನದ ಹೊಗೆ. ಸಣ್ಣ ಪುಪ್ಪುಸಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಎರಡು, ತಲೆ ದುಂಡಗಾಗಲೆಂದು ಸಾಸಿವೆ ದಿಂಬು, ಮೇಲೆ ಅವ್ವನೇ ಹೊಲಿದ ಕೌದಿ. ಕೌದಿ ನೋಡಿದರೆ ನನಗೂ ಕರುಳು ಚುರ್ ಅನ್ನುತ್ತದೆ. ಆದರೆ ವರ್ಷ ತುಂಬುವ ತನಕ ಕೂಸನ್ನು ಅಂಗಾತ, ಗಟ್ಟಿ ಸಮ ಹಾಸಿಗೆಯ ಮೇಲೆ, ದಿಂಬಿಲ್ಲದೆ, ಸಡಿಲ ಹೊದಿಕೆಯಿಲ್ಲದೆ ಮಲಗಿಸಬೇಕೆಂಬುದು ಮಕ್ಕಳ ವೈದ್ಯರು ಒಂದೇ ದನಿಯಲ್ಲಿ ಹೇಳುವ ಮಾತು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದ ಮೇಲೆ, ಮಲಗಿದ್ದಲ್ಲೇ ಏಕಾಏಕಿ ಸಾಯುವ ಕೂಸುಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮೂರು, ಸೀರೆಯ ಜೋಳಿಗೆಯಲ್ಲಿ ರಾತ್ರಿಯಿಡೀ ಬಿಡುವುದು. ಅದರಲ್ಲಿ ಕೂಸು ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ತೊಂದರೆ. ಎಚ್ಚರವಿದ್ದು ಪಕ್ಕದಲ್ಲೇ ಕೂತು ತೂಗಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಹಾಕುವುದೆಂದು ರಾಜಿಯಾಯಿತು. ಕೌದಿಯನ್ನು ದೊಡ್ಡವ ಹೊದೆಯುತ್ತಾನೆ.

ಹಾಸಿಗೆಗೆ ಹಾಕುವುದು ಅಂದೆ. ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಭುಜದ ಮೇಲೆ ಸತ್ತಂತೆ ಮಲಗಿದ ಕೂಸು, ಬೆನ್ನು ಹಾಸಿಗೆ ಮುಟ್ಟುವ ಮೊದಲೇ ಎರಡೂ ಕೈ ಅಗಲಿಸಿ ಬೆಚ್ಚುತ್ತದೆ. ಆ ಬೆಚ್ಚುವಿಕೆಗೆ ಮೊರೋ ಪ್ರತಿವರ್ತನೆ ಎಂದು ಹೆಸರು, ನಾಲ್ಕರಿಂದ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು ಇದರ ಬೆನ್ನುಹತ್ತಿದರು. ಎತ್ತಿಕೊಂಡು ನಡೆದರೆ ಕೂಸಿನ ಎದೆಬಡಿತ ಇಳಿಯುತ್ತದೆ, ಬರೀ ಎತ್ತಿಕೊಂಡು ಕೂತರೆ ಅಷ್ಟು ಇಳಿಯುವುದಿಲ್ಲ ಎಂದು 2013ರಲ್ಲಿ ತೋರಿಸಿದರು. 2022ರಲ್ಲಿ ಇನ್ನೂ ಉಪಯೋಗದ ಮಾತು ಹೇಳಿದರು: ಅಳುವ ಕೂಸನ್ನು ಐದು ನಿಮಿಷ ಎಲ್ಲೂ ನಿಲ್ಲದೆ ಎತ್ತಿಕೊಂಡು ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂರಿ, ಆಮೇಲೆ ಮಲಗಿಸಿ. ಕೂಸನ್ನು ಎಬ್ಬಿಸುವುದು ಹಾಸಿಗೆಯ ಸ್ಪರ್ಶಕ್ಕಿಂತ ಹೆಚ್ಚಾಗಿ ನಮ್ಮ ಮೈಯಿಂದ ಬೇರೆಯಾಗುವ ಗಳಿಗೆ. ನಿದ್ದೆ ಸ್ವಲ್ಪ ಆಳಕ್ಕಿಳಿದಿದ್ದರೆ ಆ ಗಳಿಗೆ ದಾಟಿಹೋಗುತ್ತದೆ. ನೋಡಿದ್ದು ಇಪ್ಪತ್ತೊಂದೇ ಕೂಸುಗಳನ್ನು, ಹೀಗಾಗಿ ಇದು ವೇದವಾಕ್ಯವಲ್ಲ. ನಮ್ಮಲ್ಲಿ ಹತ್ತರಲ್ಲಿ ಆರು ಸಲ ಹತ್ತುತ್ತದೆ. ಒನ್ ಬಿಎಚ್‌ಕೆಯಲ್ಲಿ ನಿಲ್ಲದೆ ನಡೆಯುವುದೇ ತೊಡಕು. ಕಿಚನ್ನಿನಿಂದ ಬಾಲ್ಕನಿಗೆ ಹದಿನಾಲ್ಕು ಹೆಜ್ಜೆ, ನಡುವೆ ಸ್ಟೀಲ್ ಡಬ್ಬಿಯ ಲೋಕಲ್.

ಆ ಎಂಟು ನಿಮಿಷ ದೊಡ್ಡವನ ಪಾಲಿಗೆ ಎಂಟು ಯುಗ. ತಂಗಿ ಬಂದ ಮೇಲೆ ಅವನು ಮತ್ತೆ ಚಡ್ಡಿಯಲ್ಲಿ ಸೂಸು ಮಾಡತೊಡಗಿದ, ಬಾಟಲಿಯಲ್ಲೇ ಹಾಲು ಬೇಕೆಂದ, ರಾತ್ರಿ ಎರಡು ಸಲ "ಅಮ್ಮಾ" ಎಂದು ಎದ್ದ. ಕಲಿತದ್ದು ಮರೆತಿಲ್ಲ, ಸಣ್ಣವರಿಗೆ ಸಿಗುವುದು ಸಣ್ಣವರಾದರೆ ಸಿಗುತ್ತದೆ ಎಂಬ ಸರಳ ಲೆಕ್ಕ ಅವನದು, ಮತ್ತು ಲೆಕ್ಕ ತಪ್ಪೇನಲ್ಲ. ಕೂಸಿನ ಸಂಜೆಯ ನಿದ್ದೆಗೆ ಅವನನ್ನು ಹೊರಗಟ್ಟಿ ಬಾಗಿಲು ಹಾಕುತ್ತಿದ್ದದ್ದು ನನ್ನ ತಪ್ಪು. ಈಗ ಅವನಿಗೊಂದು ಕೆಲಸವಿದೆ. ಕತ್ತಲು ಮಾಡುವವನು ಅವನು: ಪರದೆ ಎಳೆಯುತ್ತಾನೆ, ಸ್ವಿಚ್ ಆರಿಸುತ್ತಾನೆ, "ಶೂ" ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಾನೆ. ಆ "ಶೂ"ಗೆ ಕೂಸು ಎದ್ದ ದಿನಗಳೂ ಇವೆ.

ಇನ್ನು ಉಳಿದದ್ದು ಕೂಡಿಸುವ ಲೆಕ್ಕ. ಕೂಸಿಗೆ ಹಗಲು ಮೂರು ನಿದ್ದೆ, ಕೆಲವು ದಿನ ನಾಲ್ಕು. ಒಂಬತ್ತು ತಿಂಗಳ ಹೊತ್ತಿಗೆ ಎರಡಾಗುತ್ತವೆ, ಒಂದೂವರೆ ವರ್ಷಕ್ಕೆ ಒಂದು. ದೊಡ್ಡವನಿಗೆ ಈಗ ಒಂದೇ, ಮೂರರಿಂದ ಐದು ವರ್ಷದೊಳಗೆ ಅದೂ ಹೋಗುತ್ತದೆ. ಇವೆರಡು ಪಟ್ಟಿ ಒಂದರ ಮೇಲೊಂದು ಬೀಳಲು ಇರುವ ಜಾಗ ದಿನದಲ್ಲಿ ಒಂದೇ, ಮಧ್ಯಾಹ್ನ ಒಂದೂವರೆಯಿಂದ ಮೂರು. ನಾನು ಉಳಿದೆಲ್ಲ ಹೊತ್ತಿನ ಆಸೆ ಬಿಟ್ಟು ಇದೊಂದನ್ನು ಹಿಡಿದಿದ್ದೇನೆ. ದೊಡ್ಡವ ಹನ್ನೆರಡಕ್ಕೆ ಪ್ಲೇ ಗ್ರೂಪಿನಿಂದ ಬಂದು ಉಂಡು ಮಲಗುವ ಹೊತ್ತಿಗೆ ಕೂಸಿನ ಹಸಿವು ಹದಕ್ಕೆ ಬರಬೇಕೆಂದರೆ ಅದರ ಹಿಂದಿನ ನಿದ್ದೆ ಹನ್ನೊಂದೂವರೆಗೆ ಮುಗಿದಿರಬೇಕು. ಹಾಗಾಗಿ ಅವ್ವನ ಎರೆಯುವಿಕೆ ಹತ್ತರಿಂದ ಎಂಟೂವರೆಗೆ ಸರಿಯಿತು, ಬಿಸಿನೀರಿಗೆ ಬಾತ್‌ರೂಮು ಖಾಲಿ ಸಿಗಲೆಂದು ಗಂಡ ಆರಕ್ಕೇ ಏಳತೊಡಗಿದ. ಮೂರಕ್ಕೆ ದೊಡ್ಡವನನ್ನು ಎಬ್ಬಿಸಲೇಬೇಕು. ಎಬ್ಬಿಸಲು ಮನಸ್ಸು ಬರುವುದಿಲ್ಲ, ಆದರೆ ನಾಲ್ಕೂವರೆಗೆ ಬಿಟ್ಟರೆ ರಾತ್ರಿಗೆ ಕೂಡಿಡಬೇಕಾದ ಹಸಿವನ್ನು ಅಲ್ಲೇ ತಿಂದುಬಿಡುತ್ತಾನೆ, ಹನ್ನೊಂದಾದರೂ ಗಾಡಿ ಓಡುತ್ತಲೇ ಇರುತ್ತದೆ.

ಈ ಏರ್ಪಾಟಿಗೂ ಆಯುಷ್ಯ ಕಡಿಮೆ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ಮೇಲೆ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ; ಹೆರಿಗೆಗೆ ಮೂರು ವಾರ ಮುಂಚೆ ನಾನು ಮನೆಯಲ್ಲಿ ಕೂತದ್ದರಿಂದ ಕೂಸಿಗೆ 23 ವಾರ ತುಂಬಿದಾಗ ಮುಗಿಯುತ್ತದೆ. ಇನ್ನು ಹತ್ತೇ ದಿನ. ಐವತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ನೋಡಬಹುದು ಎಂದು ಕಾನೂನು ಹೇಳುತ್ತದೆ. ಡೊಂಬಿವಲಿಯಿಂದ ಬೆಳಗಿನ ಗಾಡಿಯಲ್ಲಿ ಐದು ತಿಂಗಳ ಕೂಸನ್ನು ಒಯ್ಯುವುದು ಹೇಗೆಂದು ಮಾತ್ರ ಹೇಳುವುದಿಲ್ಲ. ಅವ್ವ ಇನ್ನೂ ಎರಡು ತಿಂಗಳು ಇರುತ್ತಾಳೆ.

ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ: "ಬಾಳ ಝೋಪಲಂ ಆಹೆ, ಬೆಲ್ ವಾಜವೂ ನಕಾ." ಕೂಸು ಮಲಗಿದೆ, ಬೆಲ್ ಬಾರಿಸಬೇಡಿ ಎಂದು. ನಿನ್ನೆ ಒಂದೂ ಮುಕ್ಕಾಲಿಗೆ ಇಬ್ಬರೂ ಮಲಗಿದರು. ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ನೆಲಕ್ಕೆ ಒರಗಿದಳು. ನಾನು ಚಹಾಕ್ಕಿಟ್ಟು, ಕುದಿಯುವ ಸದ್ದಾಗಬಾರದೆಂದು ಉರಿ ಸಣ್ಣ ಮಾಡಿದೆ. ಕೊರಿಯರ್ ಹುಡುಗ ಬಂದ, ಚೀಟಿ ಓದಿದ, ಬೆಲ್ ಒತ್ತಲಿಲ್ಲ. ಫೋನ್ ಮಾಡಿದ. ಅದು ದೊಡ್ಡವನ ದಿಂಬಿನ ಪಕ್ಕದಲ್ಲಿತ್ತು.

ಕೂಸು ಏಳಲಿಲ್ಲ.